ಚುಕ್ಕೆಗಳ ನಡುವಿನ ಮಬ್ಬು

ನಮಸ್ಕಾರ ಕೇಳುಗರೇ. ವನೇಡಿಯಂ ಡೈಆಕ್ಸೈಡ್ ಅಂತ ಒಂದು ವಸ್ತು ಇದೆ. ಮಾಮೂಲಿ ಉಷ್ಣತೆಯಲ್ಲಿ ಅದರೊಳಗೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಸುಮಾರು 68 ಡಿಗ್ರಿ ಸೆಲ್ಸಿಯಸ್ ದಾಟಿತೋ, ಅದೇ ವಸ್ತು ಲೋಹದಂತೆ ವರ್ತಿಸುತ್ತದೆ. ತಣ್ಣಗಿದ್ದಾಗ ಜೋಡಿ ಜೋಡಿಯಾಗಿದ್ದ ವನೇಡಿಯಂ ಪರಮಾಣುಗಳು ಬಿಸಿಯಾದ ಮೇಲೆ ಜೋಡಿ ಬಿಟ್ಟು ಸಮ ಅಂತರದಲ್ಲಿ ನಿಲ್ಲುತ್ತವೆ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು, ಎರಡೂ ಗೊತ್ತು. ನಡುವೆ ಏನು ನಡೆಯಿತು ಅನ್ನೋದೇ ಕಷ್ಟದ ಪ್ರಶ್ನೆ.

ಯಾಕೆಂದರೆ, ಲೇಸರ್‌ನಿಂದ ಒಂದು ಹೊಡೆತ ಕೊಟ್ಟರೆ ಎಲ್ಲ ಸುಮಾರು 150 ಫೆಮ್ಟೊಸೆಕೆಂಡಿನಲ್ಲಿ ಮುಗಿದು ಹೋಗುತ್ತದೆ. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಪಾಲು ಮಾಡಿ, ಅದರಲ್ಲೂ ಒಂದನ್ನು ಹತ್ತು ಮಾಡಿದರೆ ಸಿಗೋದು ಒಂದು ಫೆಮ್ಟೊಸೆಕೆಂಡ್.

ಇಷ್ಟು ಚಿಕ್ಕ ಹೊತ್ತನ್ನು ಹಿಡಿಯಲು ಅಷ್ಟೇ ಚಿಕ್ಕ ಎಕ್ಸ್‌ರೇ ಮಿಂಚು ಬೇಕು. ಎಕ್ಸ್‌ರೇನೇ ಯಾಕೆ? ಅದರ ಅಲೆಯ ಉದ್ದ ಪರಮಾಣುಗಳ ನಡುವಿನ ಅಂತರದಷ್ಟೇ ಇರುತ್ತದೆ, ಅದಕ್ಕೇ ಹರಳಿಗೆ ಬಡಿದು ಚದುರಿದಾಗ, ಪರಮಾಣುಗಳು ಹೇಗೆ ಸಾಲಾಗಿ ನಿಂತಿವೆ ಅಂತ ತಿಳಿಸುವ ಒಂದು ಚುಕ್ಕೆಚಿತ್ರ ಮೂಡುತ್ತದೆ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ 2009ರಲ್ಲಿ ಬೆಳಗಿದ ಎಲ್‌ಸಿಎಲ್‌ಎಸ್ ಯಂತ್ರ ಇಂಥ ಮಿಂಚು ಕೊಡುತ್ತದೆ. ಎಲೆಕ್ಟ್ರಾನುಗಳನ್ನು ಒಂದು ಕಿಲೋಮೀಟರ್ ಓಡಿಸಿ ಬೆಳಕಿನ ವೇಗದ ಹತ್ತಿರ ತಂದು, ಸಾಲು ಅಯಸ್ಕಾಂತಗಳ ನಡುವೆ ಅತ್ತಿತ್ತ ಬಳುಕಿಸುತ್ತಾರೆ, ಆಗ ಎಕ್ಸ್‌ರೇ ಹೊರಬರುತ್ತದೆ.

ಕೆಲಸ ನಡೆಯೋದು ಹೀಗೆ. ಮೊದಲು ಲೇಸರ್ ಹೊಡೆತ, ಒಂದಿಷ್ಟು ತಡೆದು ಎಕ್ಸ್‌ರೇ ಹೊಡೆತ. ತಡೆಯೋ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಮತ್ತೆ ಮತ್ತೆ ಮಾಡಿ, ಬಂದ ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ಸಿನಿಮಾ ತಯಾರು. ನಿಜ ಹೇಳಬೇಕೆಂದರೆ ಇದು ಒಂದೇ ಓಟದ ಸಿನಿಮಾ ಅಲ್ಲ, ಎಷ್ಟೋ ಓಟಗಳಿಂದ ಒಂದೊಂದು ಚಿತ್ರ ಆಯ್ದು ಕೂಡಿಸಿದ್ದು.

ಪರಮಾಣುಗಳೆಲ್ಲ ಕವಾಯತಿನಂತೆ ಒಟ್ಟಿಗೆ ಹೆಜ್ಜೆ ಹಾಕಿ ಹೊಸ ಜಾಗಕ್ಕೆ ಹೋಗುತ್ತವೆ ಅಂತ ಬಹಳ ದಿನ ನಂಬಿದ್ದರು. ಹೊಳೆಯುವ ಚುಕ್ಕೆಗಳನ್ನಷ್ಟೇ ನೋಡಿದರೆ ಹಾಗೇ ಅನ್ನಿಸುತ್ತದೆ, ಅವು ಹೇಳೋದು ಸರಾಸರಿ ಲೆಕ್ಕ ಮಾತ್ರ ಅಲ್ವಾ? ಆದರೆ ಚುಕ್ಕೆಗಳ ನಡುವೆ ತೀರಾ ಮಂದವಾದ ಒಂದು ಮಬ್ಬು ಇರುತ್ತದೆ. ಪರಮಾಣುಗಳು ಸಾಲು ತಪ್ಪಿದಾಗ ಚದುರುವ ಎಕ್ಸ್‌ರೇ ಅದು. ಎಲ್‌ಸಿಎಲ್‌ಎಸ್‌ನಲ್ಲಿ ಈ ಮಬ್ಬನ್ನೇ ಅಳೆದು 2018ರಲ್ಲಿ ಪ್ರಕಟಿಸಿದಾಗ ಕವಾಯತಿನ ಮಾತು ಬಿದ್ದುಹೋಯಿತು. ವನೇಡಿಯಂ ಪರಮಾಣುಗಳು ಒಂದೊಂದೂ ಒಂದೊಂದು ಕಡೆ, ದಿಕ್ಕಾಪಾಲಾಗಿ ಹೊರಟಿದ್ದವು!

ನನಗಂತೂ ಯಂತ್ರದ ಗಾತ್ರಕ್ಕಿಂತ ಈ ಮಬ್ಬೇ ಜಾಸ್ತಿ ಇಷ್ಟ. ಅದನ್ನು ಹಿಡಿಯಲು ಮಿಂಚುಗಳು ರಾಶಿ ರಾಶಿ ಬೇಕು. ಆಗ ಎಲ್‌ಸಿಎಲ್‌ಎಸ್ ಕೊಡುತ್ತಿದ್ದದ್ದು ಸೆಕೆಂಡಿಗೆ 120. ಜರ್ಮನಿಯ ಹ್ಯಾಂಬರ್ಗ್ ಬಳಿ 2017ರಲ್ಲಿ ಶುರುವಾದ ಇಂಥದ್ದೇ ಯಂತ್ರ ಯುರೋಪಿಯನ್ ಎಕ್ಸ್‌ಫೆಲ್ 27,000ದವರೆಗೂ ಕೊಡಬಲ್ಲದು.