ಬಿದಿರು ಹಾಸುವ ಮೊದಲು ನೆಲ ನೋಡಿ

ಎಲ್ಲರಿಗೂ ಶರಣು ಶರಣಾರ್ಥಿ.

ಇಲ್ಲಿ ಕೂತವರಲ್ಲಿ ಮನೆ ಕಟ್ಟಿಸುತ್ತಿರುವವರು ಇದ್ದೀರಿ. ಹಳೆ ಮನೆಯ ರಿಪೇರಿಗೆ ಕೈ ಹಾಕಿದವರೂ ಇದ್ದೀರಿ. ಕಲಬುರಗಿಯಲ್ಲಿ ನೆಲ ಅಂದ ಕೂಡಲೇ ಬಾಯಿಗೆ ಬರುವ ಮಾತು ಫರಸಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಣಿಗಳಿಂದ ಬರುವ ಸುಣ್ಣದಕಲ್ಲಿನ ಚಪ್ಪಡಿ. ನಾವೆಲ್ಲ ಅದರ ಮೇಲೆಯೇ ಅಂಬೆಗಾಲಿಟ್ಟು ಬೆಳೆದವರು. ಅಂಥ ಊರಿನಲ್ಲಿ ನಾನು ಬಿದಿರಿನ ನೆಲಹಾಸಿನ ಬಗ್ಗೆ ಮಾತಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ನಮ್ಮ ಅವ್ವ.

ಚಳಿಗಾಲದಲ್ಲಿ ನಸುಕಿಗೆ ಎದ್ದು ಫರಸಿ ಮೇಲೆ ಕಾಲಿಟ್ಟರೆ ಮೊಣಕಾಲು ಸೆಳೆಯುತ್ತದೆ ಅಂತ ಅವ್ವ ಪ್ರತಿ ವರ್ಷ ಹೇಳುತ್ತಿದ್ದಳು. ಕಲ್ಲು ಕಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಬಿದಿರು ಹಾಗೆ ಎಳೆದುಕೊಳ್ಳುವುದಿಲ್ಲ. ಅವ್ವನ ಕೋಣೆಗೆ ಬಿದಿರು ಹಾಕಿಸೋಣ ಅಂತ ದೊಡ್ಡ ಊರಿನ ಒಂದು ಅಂಗಡಿಯಿಂದ ಹಲಗೆ ತರಿಸಿದೆ. ಲಾರಿಯಿಂದ ಇಳಿದ ಮರುದಿನವೇ ಹಾಸಿಬಿಟ್ಟರು. ಆಗ ಮೇ ತಿಂಗಳು, ಹೊರಗೆ ಬೆಂಕಿಯಂಥ ಬಿಸಿಲು. ಹಲಗೆಗಳು ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂತವು. ನೋಡಲು ಬಹಳ ಚೆಂದ ಇತ್ತು. ಜುಲೈಯಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೋಡಿದರೆ ಮಂಚದ ಪಕ್ಕದಲ್ಲಿ ನೆಲ ಎತ್ತಿನ ಡುಬ್ಬದ ಹಾಗೆ ಎದ್ದಿತ್ತು. ಅವ್ವ ಎಡವಿದಳು. ಬೀಳಲಿಲ್ಲ, ಅದೇ ಪುಣ್ಯ.

ಕಟ್ಟಡದ ಕೆಲಸವೇ ಮಾಡುವ ನಾನು ಇಷ್ಟು ತಪ್ಪು ಮಾಡಿದೆನಲ್ಲ ಅಂತ ಬಹಳ ನೊಂದೆ. ಆ ಹಲಗೆಗಳನ್ನು ಕಿತ್ತು, ಕಾರಣ ಹುಡುಕಿದೆ. ಆಗ ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಬಿದಿರು ಎಂಥದ್ದು ಅಂತ ನೋಡೋಣ. ಇದು ನಮಗೆ ಹೊಸದಲ್ಲ. ಬೀದರ್ ಅನ್ನುವ ಹೆಸರೇ ಬಿದಿರಿನಿಂದ ಬಂತು ಅಂತ ಆ ಕಡೆಯ ಜನ ಹೇಳುತ್ತಾರೆ. ಬಸವಣ್ಣನವರ ಕಲ್ಯಾಣದಲ್ಲಿ ಮೇದಾರ ಕೇತಯ್ಯ ಬಿದಿರಿನ ಕಾಯಕ ಮಾಡಿದ ಶರಣ. ಬುಟ್ಟಿ, ಮೊರ, ತಟ್ಟಿ, ಕಣಜ, ಏಣಿ ಎಲ್ಲವೂ ಬಿದಿರಿನವೇ. ನಮಗೆ ಹೊಸದು ಅದರ ಹಲಗೆ ಮಾತ್ರ. ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಗೆ ಹೋದವರು ತಲೆ ಎತ್ತಿ ನೋಡಿರಬಹುದು. ಚಾವಣಿಯಲ್ಲೂ ಕಂಬಗಳಲ್ಲೂ ಕಾಣುವುದು ಹೀಗೆ ಕಾರ್ಖಾನೆಯಲ್ಲಿ ಹದ ಮಾಡಿದ ಬಿದಿರು.

ಬಿದಿರು ಮರ ಅಲ್ಲ, ಹುಲ್ಲು. ನಮ್ಮ ಜೋಳ, ಕಬ್ಬಿನ ಬಳಗದ್ದು. ಮೊಳಕೆ ಎದ್ದ ಕೆಲವೇ ತಿಂಗಳಲ್ಲಿ ತನ್ನ ಪೂರ್ತಿ ಎತ್ತರ ಮುಟ್ಟುತ್ತದೆ. ಆದರೆ ಎತ್ತರ ಬಂದ ಮಾತ್ರಕ್ಕೆ ಗಟ್ಟಿತನ ಬರಲಿಲ್ಲ. ಒಳಗಿನ ನಾರು ಬಲಿಯಲು ವರ್ಷಗಳು ಬೇಕು. ನೆಲಹಾಸಿಗೆ ಜಗತ್ತಿನಲ್ಲಿ ಜಾಸ್ತಿ ಬಳಸುವುದು ಚೀನಾದ ಮೋಸೋ ಅನ್ನುವ ಬಿದಿರು. ಅದನ್ನು 5ರಿಂದ 6 ವರ್ಷ ಬಲಿಯಲು ಬಿಟ್ಟು ಕಡಿದರೆ ಒಳ್ಳೆಯ ಹಲಗೆ ಬರುತ್ತದೆ. ಎಳೆಯದನ್ನು ಕಡಿದರೆ ಹಲಗೆ ಮೆತ್ತಗೆ, ಕುರ್ಚಿ ಎಳೆದರೆ ಗುಳಿ ಬೀಳುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಅದಕ್ಕೇ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ವರ್ಷದ ಬಿದಿರು ಅನ್ನುವುದು. ಉತ್ತರ ಅವರ ಕಂಪನಿಯ ಕಾಗದದಲ್ಲಿ ಇರಬೇಕು, ಬಾಯಿಮಾತಿನಲ್ಲಿ ಅಲ್ಲ.

ಹಲಗೆಯಲ್ಲಿ ಮುಖ್ಯವಾಗಿ ಮೂರು ಬಗೆ. ಬಿದಿರಿನ ಸೀಳುಗಳನ್ನು ಮಲಗಿಸಿ ಅಂಟಿಸಿದ್ದು ಒಂದು. ಇದರಲ್ಲಿ ಗೆಣ್ಣುಗಳು ಅಗಲವಾಗಿ ಕಾಣುತ್ತವೆ. ಸೀಳುಗಳನ್ನು ನಿಲ್ಲಿಸಿ ಅಂಟಿಸಿದ್ದು ಇನ್ನೊಂದು, ಸಣ್ಣ ಗೆರೆಗೆರೆಯಾಗಿ ಕಾಣುತ್ತದೆ. ಮೂರನೆಯದಕ್ಕೆ ಸ್ಟ್ರ್ಯಾಂಡ್ ವೋವನ್ ಅನ್ನುತ್ತಾರೆ. ಇದರಲ್ಲಿ ಬಿದಿರನ್ನು ಎಳೆಎಳೆಯಾಗಿ ಬಿಡಿಸಿ, ಅಂಟಿನಲ್ಲಿ ನೆನೆಸಿ, ಭಾರೀ ಒತ್ತಡ ಕೊಟ್ಟು ಅಚ್ಚು ಒತ್ತುತ್ತಾರೆ. ಹಲಗೆ ಕೈಗೆ ಕಲ್ಲಿನಷ್ಟು ಭಾರ ಅನಿಸುತ್ತದೆ.

ಗಟ್ಟಿತನ ಅಳೆಯಲು ಜಂಕಾ ಅನ್ನುವ ಪರೀಕ್ಷೆ ಇದೆ. 11.28 ಮಿಲಿಮೀಟರ್ ಅಡ್ಡಗಲದ ಉಕ್ಕಿನ ಗುಂಡನ್ನು ಅರ್ಧದಷ್ಟು ಒಳಗೆ ಒತ್ತಲು ಎಷ್ಟು ಬಲ ಬೇಕು ಅಂತ ನೋಡುತ್ತಾರೆ. ತೇಗಕ್ಕೆ ಸುಮಾರು 1,000 ಪೌಂಡ್. ಸೀಳು ಅಂಟಿಸಿದ ಬಿದಿರಿಗೆ ಸುಮಾರು 1,300. ಸ್ಟ್ರ್ಯಾಂಡ್ ವೋವನ್‌ಗೆ 3,000ದ ಆಸುಪಾಸು. ಇನ್ನೊಂದು ಮಾತು ಬಣ್ಣದ್ದು. ಬೆಲ್ಲದ ಬಣ್ಣದ ಹಲಗೆ ನಮ್ಮ ಜನರಿಗೆ ಬಹಳ ಹಿಡಿಸುತ್ತದೆ. ಅದು ಬಳಿದ ಬಣ್ಣ ಅಲ್ಲ, ಬಿದಿರನ್ನು ಹಬೆಯಲ್ಲಿ ಬೇಯಿಸಿ ತರಿಸಿದ ಬಣ್ಣ. ಬೆಂದಷ್ಟೂ ಬಿದಿರು ಸ್ವಲ್ಪ ಮೆತ್ತಗಾಗುತ್ತದೆ. ಆ ಬಣ್ಣವೇ ಬೇಕು ಅಂದರೆ ಸ್ಟ್ರ್ಯಾಂಡ್ ವೋವನ್‌ನಲ್ಲೇ ತೆಗೆದುಕೊಳ್ಳಿ. ಮೊಮ್ಮಕ್ಕಳು ಓಡಾಡುವ ಮನೆಗೆ ನಾನು ಬೇರೆ ಯಾವ ಬಗೆಯನ್ನೂ ಹೇಳುವುದಿಲ್ಲ.

ಈಗ ಅಂಟಿನ ವಿಚಾರ. ಈ ಹಲಗೆಗಳಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ ರಾಸಾಯನಿಕ ಇರುವ ಅಂಟು ಬಳಸುವುದು ಸಾಮಾನ್ಯ. ಹಲಗೆಯಿಂದ ಅದು ನಿಧಾನವಾಗಿ ಗಾಳಿಗೆ ಬರುತ್ತದೆ. ಕಣ್ಣು ಉರಿ, ಗಂಟಲು ಕೆರೆತ ಇದರಿಂದ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಸೆಕೆ ಹೆಚ್ಚಾದಷ್ಟೂ, ಗಾಳಿಯಲ್ಲಿ ತೇವ ಹೆಚ್ಚಾದಷ್ಟೂ ಇದು ಜಾಸ್ತಿ ಹೊರಬರುತ್ತದೆ. ನಮ್ಮ ಊರಿನ ಮೇ ತಿಂಗಳು ನೆನಪಿಸಿಕೊಳ್ಳಿ. ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ, ಕೂಲರ್ ಹಾಕಿ, ಮಕ್ಕಳನ್ನು ಅದೇ ನೆಲದ ಮೇಲೆ ಮಲಗಿಸುತ್ತೇವೆ, ಅಲ್ವಾ? ಹಾಗಾಗಿ ಇ0 ಅಥವಾ ಇ1 ದರ್ಜೆ ಅಂತ ಪೆಟ್ಟಿಗೆಯ ಮೇಲೆ ಮುದ್ರೆ ಇದೆಯಾ ನೋಡಿ. ಇ0 ಅಂದರೆ ಇ1ಕ್ಕಿಂತ ಕಡಿಮೆ ಹೊರಸೂಸುವುದು. ಪರೀಕ್ಷೆಯ ವರದಿ ಕೇಳಿ. ಕೊಡಲಿಲ್ಲ ಅಂದರೆ ಎದ್ದು ಬನ್ನಿ. ಮನೆಯಲ್ಲೂ ಒಂದು ಪರೀಕ್ಷೆ ಮಾಡಬಹುದು. ಮಾದರಿ ತುಂಡನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಒಂದು ದಿನ ಬಿಸಿಲಿಗೆ ಇಡಿ. ತೆರೆದಾಗ ಮೂಗಿಗೆ ಘಾಟು ಹೊಡೆದರೆ ಆ ಹಲಗೆ ಬೇಡ. ಇದರಿಂದ ಅಳತೆ ಸಿಗುವುದಿಲ್ಲ, ಕೆಟ್ಟದ್ದನ್ನು ಬಿಟ್ಟುಬಿಡಲು ಸಾಕು.

ಇಷ್ಟೆಲ್ಲ ಒಳ್ಳೆಯದೇ ನೋಡಿ ತಂದಿದ್ದರೂ ಅವ್ವನ ಕೋಣೆಯ ನೆಲ ಏಕೆ ಎದ್ದಿತು? ನಾನು ಹಲಗೆಯನ್ನು ನೋಡಿದ್ದೆ, ನನ್ನ ನೆಲವನ್ನೂ ನಮ್ಮ ಊರಿನ ಋತುವನ್ನೂ ನೋಡಿರಲಿಲ್ಲ.

ಬಿದಿರು ಗಾಳಿಯ ತೇವ ಕುಡಿದರೆ ಉಬ್ಬುತ್ತದೆ, ಬಿಟ್ಟರೆ ಕುಗ್ಗುತ್ತದೆ. ಹಲಗೆ ಆದ ಮೇಲೂ ಅದರ ಈ ಗುಣ ಹೋಗುವುದಿಲ್ಲ. ನಮ್ಮ ಕಲಬುರಗಿಯಲ್ಲಿ ಬೇಸಿಗೆಯ ಒಣಗಾಳಿಗೂ ಮಳೆಗಾಲದ ಹಸಿಗಾಳಿಗೂ ಅಜಗಜಾಂತರ. ನಾನು ಮೇ ತಿಂಗಳಲ್ಲಿ, ಹಲಗೆ ಒಣಗಿ ಕುಗ್ಗಿದಾಗ, ಸಂದು ಬಿಡದೆ ಹಾಸಿಸಿದೆ. ಮಳೆ ಬಂದಾಗ ಹಿಗ್ಗಲು ಅದಕ್ಕೆ ಜಾಗ ಇರಲಿಲ್ಲ. ಪಕ್ಕಕ್ಕೆ ಹೋಗಲಾಗದೆ ಮೇಲಕ್ಕೆ ಎದ್ದಿತು. ಇನ್ನು ಆಗಸ್ಟ್‌ನಲ್ಲಿ, ಗಾಳಿ ಪೂರ್ತಿ ಹಸಿ ಇರುವಾಗ ಹಾಸಿದರೆ ಉಲ್ಟಾ ಆಗುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಹಲಗೆ ಹಲಗೆಯ ನಡುವೆ ಸಂದು ಬಿಡುತ್ತದೆ, ಅದರಲ್ಲಿ ಧೂಳು ಕೂರುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ನಮ್ಮ ಕಡೆ ಬಿದಿರು ಹಾಸಲು ಒಳ್ಳೆಯ ಕಾಲ ದಸರೆ ಕಳೆದ ಮೇಲೆ, ದೀಪಾವಳಿಯ ಆಚೆ ಈಚೆ.

ತಂದ ಪೆಟ್ಟಿಗೆಗಳನ್ನು ಹಾಸುವ ಕೋಣೆಯಲ್ಲೇ ತೆರೆದು, ಗಾಳಿ ಆಡುವ ಹಾಗೆ ಅಡ್ಡಡ್ಡ ಪೇರಿಸಿ ಇಡಬೇಕು. ಮೂರು ದಿನ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಸ್ಟ್ರ್ಯಾಂಡ್ ವೋವನ್ ತುಂಬ ದಟ್ಟ ಇರುವುದರಿಂದ ಕೋಣೆಯ ಗಾಳಿಗೆ ಹೊಂದಲು ಜಾಸ್ತಿ ದಿನ ಬೇಕು. ನಾನು ಎರಡು ವಾರ ಬಿಡುತ್ತೇನೆ. ಸುತ್ತ ಗೋಡೆಗುಂಟ 10ರಿಂದ 12 ಮಿಲಿಮೀಟರ್ ಸಂದು ಬಿಡಿಸಿ. ಗೋಡೆಯ ಬುಡಕ್ಕೆ ಹಾಕುವ ಸ್ಕರ್ಟಿಂಗ್ ಪಟ್ಟಿ ಬಂದರೆ ಆ ಸಂದು ಮುಚ್ಚಿಹೋಗುತ್ತದೆ. ಕೆಲಸದವರು ಆ ಸಂದಿನಲ್ಲಿ ಸಿಮೆಂಟ್ ತುಂಬದ ಹಾಗೆ ಎದುರಿಗೆ ನಿಂತು ನೋಡಿಕೊಳ್ಳಿ. ಬಾಗಿಲು ಬಂದಲ್ಲಿ ಹಾಸು ನಿಲ್ಲಿಸಿ ಪಟ್ಟಿ ಹಾಕಿಸಿ. ಹಲಗೆಗಳನ್ನು ನೆಲಕ್ಕೆ ಅಂಟಿಸದೆ ಒಂದಕ್ಕೊಂದು ಸಿಕ್ಕಿಸಿ ಹಾಸಿದ್ದರೆ, ಅದರ ಮೇಲೆ ಗೋಡೆಗೆ ಬಡಿಯುವ ಕಪಾಟು ಕೂರಿಸಬೇಡಿ. ಆ ಭಾರಕ್ಕೆ ಹಲಗೆ ಅಲ್ಲಾಡುವುದಿಲ್ಲ, ಹಿಗ್ಗುವುದೂ ಆಗುವುದಿಲ್ಲ.

ಗಾಳಿಯ ತೇವದ ಕತೆ ಇಷ್ಟು. ಕೆಳಗಿನ ತೇವ ಇನ್ನೂ ದೊಡ್ಡದು. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಳೆ ಮನೆಗಳಲ್ಲಿ ಫರಸಿಯನ್ನು ಮೊರಂ ಮೇಲೆ ಗಚ್ಚಿನಲ್ಲಿ ಕೂರಿಸಿರುತ್ತಾರೆ, ಅಡಿಯಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ಕಲ್ಲಿನ ಸಂದುಗಳಿಂದ ತೇವ ಮೇಲೆ ಬಂದು ಗಾಳಿಗೆ ಆರಿಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಬಿದಿರು ಮುಚ್ಚಿದರೆ ಆ ತೇವ ಹಲಗೆಯ ಹೊಟ್ಟೆಗೆ ಹೋಗುತ್ತದೆ.

ಇದನ್ನು ನೋಡಲು ದುಡ್ಡು ಬೇಕಿಲ್ಲ. ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ಮೂರು ದಿನ ಬಿಡಿ. ಎತ್ತಿ ನೋಡಿದಾಗ ಹಾಳೆಯ ಅಡಿಯಲ್ಲಿ ಹನಿ ಇದ್ದರೆ, ನೆಲ ಕಪ್ಪಾಗಿದ್ದರೆ, ಆ ಕೋಣೆಗೆ ಬಿದಿರು ಬೇಡ. ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿ. ಬೇಸಿಗೆಯಲ್ಲಿ ಯಾವ ನೆಲವೂ ಒಣಗಿದ್ದೇ ಕಾಣುತ್ತದೆ. ಮಹಡಿಯ ಕೋಣೆಗಳಿಗೆ ಈ ಭಯ ಬಹಳ ಕಡಿಮೆ. ಹೊಸ ಕಾಂಕ್ರೀಟ್ ಆದರೆ ಕನಿಷ್ಠ ಎರಡು ತಿಂಗಳು ಒಣಗಲು ಬಿಟ್ಟು ಆಮೇಲೆ ಪರೀಕ್ಷೆ ಮಾಡಿ.

ಫರಸಿಯನ್ನು ಕಿತ್ತು ಬಿಸಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಮ್ಮ ಬೇಸಿಗೆಗೆ ಅದರಷ್ಟು ತಂಪು ನೆಲ ಇನ್ನೊಂದಿಲ್ಲ. ನೆಲ ಒಣಗಿದ್ದರೆ, ಗೌಂಡಿಯನ್ನು ಕರೆದು ಏರುತಗ್ಗು ಸರಿ ಮಾಡಿಸಿ. ಎರಡು ಮೀಟರ್ ಉದ್ದದ ಪಟ್ಟಿ ಇಟ್ಟು ನೋಡಿದರೆ ಅಡಿಯಲ್ಲಿ 3 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಕಾಣಬಾರದು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಫೋಮ್, ಆಮೇಲೆ ಹಲಗೆ. ಮುಂದೆ ಬೇಡ ಅನಿಸಿದರೆ ಹಲಗೆ ತೆಗೆಯಬಹುದು, ಕಲ್ಲು ಅಲ್ಲೇ ಇರುತ್ತದೆ.

ಯಾವ ಕೋಣೆಗೆ? ಮಲಗುವ ಕೋಣೆ, ಓದುವ ಕೋಣೆ, ಅಷ್ಟೇ. ಅಡುಗೆಮನೆ, ಬಚ್ಚಲು, ದೇವರಕೋಣೆ ಬೇಡ. ನೀರು, ದೀಪದ ಎಣ್ಣೆ, ಅರಿಶಿನದ ಕಲೆ ಎಲ್ಲ ಅಲ್ಲಿಯೇ. ಪಡಸಾಲೆಯಲ್ಲಿ ನಾವು ಬಕೆಟ್‌ಗಟ್ಟಲೆ ನೀರು ಸುರಿದು ತೊಳೆಯುವವರು, ಆ ರೂಢಿ ಬಿಡಲಾಗದಿದ್ದರೆ ಅಲ್ಲೂ ಬೇಡ. ಬಿದಿರನ್ನು ಹಿಂಡಿದ ಬಟ್ಟೆಯಿಂದ ಒರೆಸಬೇಕು. ಮೊದಲು ಧೂಳು ಗುಡಿಸಿ, ಆಮೇಲೆ ಒರೆಸಿ. ನಮ್ಮ ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ, ಅದೇ ಗೀರು ಹಾಕುವುದು. ಕೂಲರ್ ಇಟ್ಟ ಜಾಗದಲ್ಲಿ ಒಂದು ದೊಡ್ಡ ತಟ್ಟೆ ಇಡಿ. ಕೂಲರ್‌ನ ಹಸಿಗಾಳಿ ನೇರವಾಗಿ ನೆಲಕ್ಕೆ ಹೊಡೆಯದ ಹಾಗೆ ಸ್ಟ್ಯಾಂಡ್ ಮೇಲೆ ಎತ್ತಿ ಇಡಿ, ಒಂದು ಕಿಟಕಿ ತೆರೆದಿರಲಿ.

ಗೆದ್ದಲು, ಹುಳದ ಬಗ್ಗೆ ಎಲ್ಲರೂ ಕೇಳುತ್ತೀರಿ. ಬಿದಿರಿನಲ್ಲಿ ಪಿಷ್ಟ ಇರುತ್ತದೆ, ಕೊರೆಯುವ ಹುಳಕ್ಕೆ ಬೇಕಾದದ್ದು ಅದೇ. ಕಡಿದ ಬಿದಿರನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕುವ ಹಳೆಯ ರೂಢಿಯೂ ಪಿಷ್ಟ ಇಳಿಸಲಿಕ್ಕೇ. ಕಾರ್ಖಾನೆಯಲ್ಲಿ ಕುದಿಸಿ, ಬೋರಾಕ್ಸ್, ಬೋರಿಕ್ ಆಸಿಡ್ ಕೊಡುತ್ತಾರೆ. ಕೊಟ್ಟಿದ್ದಾರಾ ಅಂತ ಕೇಳಿ ಬರೆಸಿಕೊಳ್ಳಿ. ನಿಮ್ಮ ಮನೆಯ ಬಾಗಿಲಿನ ಚೌಕಟ್ಟಿಗೆ ಈಗಾಗಲೇ ಗೆದ್ದಲು ಹಿಡಿದಿದ್ದರೆ ಮೊದಲು ಅದಕ್ಕೆ ಔಷಧಿ ಮಾಡಿಸಿ.

ಲೆಕ್ಕ ಹೀಗೆ. 12ಕ್ಕೆ 14 ಅಡಿ ಕೋಣೆ ಅಂದರೆ 168 ಚದರಡಿ. ಕತ್ತರಿಸುವಾಗ ಹೋಗುವುದಕ್ಕೆ ನೂರಕ್ಕೆ 10 ಸೇರಿಸಿದರೆ ಸುಮಾರು 185. ಪೆಟ್ಟಿಗೆಗೆ 20 ಚದರಡಿ ಬರುವುದಾದರೆ ಹತ್ತು ಪೆಟ್ಟಿಗೆ ಬೇಕು. ಎಲ್ಲ ಪೆಟ್ಟಿಗೆಯ ಮೇಲೂ ಒಂದೇ ಲಾಟ್ ನಂಬರ್ ಇರಲಿ, ಇಲ್ಲದಿದ್ದರೆ ಬಣ್ಣ ಬೇರೆಯಾಗುತ್ತದೆ. ಉಳಿದ ಹಲಗೆಗಳನ್ನು ಮಂಚದ ಕೆಳಗೆ ಜೋಪಾನ ಮಾಡಿ. ಅಂಗಡಿಯವರು ಹೇಳುವ ದರ ಸಾಮಾನ್ಯವಾಗಿ ಬರೀ ಹಲಗೆಯದು. ಫೋಮ್, ಸ್ಕರ್ಟಿಂಗ್, ಬಾಗಿಲ ಪಟ್ಟಿ, ಸಾಗಣೆ, ಕೂಲಿ, ಬಾಗಿಲಿನ ಅಡಿ ಕೊಯ್ಯಲು ಬಡಿಗೇರರ ಕೂಲಿ ಎಲ್ಲ ಬೇರೆ. ಎಲ್ಲವನ್ನೂ ಸೇರಿಸಿ ಒಂದೇ ಕಾಗದದಲ್ಲಿ ಬರೆಸಿಕೊಳ್ಳಿ. ಗ್ಯಾರಂಟಿ ಕಾಗದದಲ್ಲಿ ತೇವದ ಬಗ್ಗೆ ಏನು ಬರೆದಿದೆ ಅಂತ ಓದಿ. ನೆಲದ ತೇವ ನೋಡದೆ ಹಾಸಿದರೆ ಗ್ಯಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ನನ್ನ ಕಾಗದದಲ್ಲೂ ಇತ್ತು, ಡುಬ್ಬ ಎದ್ದ ಮೇಲೆ ಓದಿದೆ.

ಅವ್ವನ ಕೋಣೆಗೆ ಆಮೇಲೆ ನವೆಂಬರ್‌ನಲ್ಲಿ ಮತ್ತೆ ಹಾಸಿದೆವು, ಈ ಸಲ ಸಂದು ಬಿಟ್ಟು. ಎರಡು ಮಳೆಗಾಲ ಕಳೆದಿವೆ, ನೆಲ ಸಮ ಇದೆ. ಆ ಕೋಣೆಯ ಎರಡು ಹಲಗೆ, ಮೊದಲು ಉಬ್ಬಿದ್ದರಲ್ಲಿ ಒಂದು, ಬೇರೆ ಬೇರೆ ಬಗೆಯ ನಾಲ್ಕು ತುಂಡು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಬನ್ನಿ, ಕೈಯಲ್ಲಿ ಹಿಡಿದು ತೂಕ ನೋಡಿ, ಕೀಲಿಯಿಂದ ಗೀರಿ ನೋಡಿ. ಪ್ಲಾಸ್ಟಿಕ್ ಹಾಳೆಯನ್ನೂ ಕತ್ತರಿಸಿ ತಂದಿದ್ದೇನೆ, ಬೇಕಾದವರು ಒಂದೊಂದು ತೆಗೆದುಕೊಂಡು ಹೋಗಿ.