ಕಪ್ಲರ್ ಕತ್ತರಿಸೋಕೆ ಬಿಡಬೇಡಿ

ನಮಸ್ಕಾರ. ಹಳೇ ಕಾರಿನ ಮ್ಯೂಸಿಕ್ ಸಿಸ್ಟಮ್ ಕೈಕೊಟ್ಟ ತಕ್ಷಣ ಕಿತ್ತು ಬಿಸಾಕಿ ಆಂಡ್ರಾಯ್ಡ್ ಸೆಟ್ ಹಾಕಿಸ್ಕೊಳ್ತೀವಲ್ಲ, ಅದು ತಪ್ಪು. ಆ ತಪ್ಪು ಮಾಡಿದವನು ನಾನೇ.

ಅಪ್ಪನ ಕಾರು 2012ರದ್ದು. ಕಂಪನಿ ಸೆಟ್ಟು, ಅದರೊಳಗೇ ಮ್ಯಾಪು. ಆ ಮ್ಯಾಪಲ್ಲಿ ನಮ್ಮೂರು ಇನ್ನೂ ‘ತುಮ್ಕೂರ್’. 2014ರ ನವೆಂಬರ್ 1ಕ್ಕೆ ಇಂಗ್ಲಿಷಲ್ಲೂ ‘ತುಮಕೂರು’ ಆಗಿದ್ದು ಮ್ಯಾಪ್ ತುಂಬಿರೋ ಆ ಎಸ್‌ಡಿ ಕಾರ್ಡಿಗೆ ಗೊತ್ತೇ ಇಲ್ಲ. ಒಂದಿನ ಶಿರಾ ಗೇಟ್ ಹತ್ರ ಹಂಪ್ ಹಾರಿದ್ದೇ ತಡ, ಸೌಂಡ್ ನಿಂತೋಯ್ತು.

ಅಂಗಡಿಯವರು ಬಿಚ್ಚಿ ಕೂಡ ನೋಡ್ಲಿಲ್ಲ. ‘ಹೋಯ್ತು ಸಾರ್, ಚೇಂಜ್ ಮಾಡ್ಸಿ’ ಅಂದ್ರು. ಹೂಂ ಅಂದೆ. ಒಂಬತ್ತಿಂಚಿನ ಸ್ಕ್ರೀನ್ ಬಂತು. ಮೂರನೇ ದಿನ ಬೆಳಗ್ಗೆ ಕೀ ತಿರುಗಿಸಿದ್ರೆ ಬರೀ ಟಕ್ ಟಕ್. ಬ್ಯಾಟರಿ ಖಾಲಿ. ತಳ್ಳಿ ಸ್ಟಾರ್ಟ್ ಮಾಡಿದ್ವಿ. ಎರಡು ದಿನ ಬಿಟ್ಟು ಮತ್ತದೇ ಗೋಳು.

ನಮ್ಮ ಬೀದೀಲಿ ರೇಡಿಯೋ, ಟಿವಿ ರಿಪೇರಿ ಮಾಡೋ ಹಿರಿಯರೊಬ್ರಿದ್ದಾರೆ. ಅವರು ಸೆಟ್ ಈಚೆ ಎಳೆದು ಟಾರ್ಚ್ ಬಿಟ್ರು. ಕಂಪನಿ ಕಪ್ಲರನ್ನೇ, ಅಂದ್ರೆ ಕಾರಿನ ವೈರುಗಳನ್ನೆಲ್ಲ ಒಟ್ಟಿಗೆ ಸೆಟ್ಟಿಗೆ ಸಿಕ್ಕಿಸೋ ಪ್ಲಗ್ಗನ್ನೇ, ಕತ್ತರಿಸಿ ಹಾಕಿದ್ದಾರೆ! ಹೊಸ ಸೆಟ್ಟಿನ ಹಳದಿ ವೈರು, ಕೆಂಪು ವೈರು ಎರಡನ್ನೂ ಒಟ್ಟಿಗೆ ತಿರುಚಿ ಟೇಪ್ ಸುತ್ತಿದ್ದಾರೆ. ಟೇಪು ಸೆಕೆಗೆ ಅಂಟಂಟಾಗಿ ಜಾರಿ, ತಾಮ್ರ ಹೊಳೀತಿತ್ತು. ಹಳದಿಗೆ ಯಾವಾಗ್ಲೂ ಬ್ಯಾಟರಿ ಕರೆಂಟು ಇರತ್ತೆ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ‘ಹಿಂಗೆ ಸೇರಿಸಿದ್ರೆ ಸೆಟ್ಟಿಗೆ ನಿದ್ದೆ ಎಲ್ಲೀದಪ್ಪ? ರಾತ್ರಿಯೆಲ್ಲ ಬ್ಯಾಟರಿ ಕುಡೀತಾ ಕೂತಿರತ್ತೆ’ ಅಂದ್ರು. ಬ್ಯಾಟರಿ ಹೋಗಿದ್ದು ಬಿಡಿ, ಆ ಬರಿ ತಾಮ್ರ ಕಾರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗಿದ್ದಿದ್ರೆ? ಅದರಲ್ಲಿ ನಮ್ಮಮ್ಮ ಓಡಾಡ್ತಾರೆ ಸ್ವಾಮಿ.

ಹಳೇ ಸೆಟ್ ಡಿಕ್ಕೀಲೇ ಇತ್ತು, ಪುಣ್ಯ. ಬಿಚ್ಚಿ ಭೂತಗನ್ನಡಿ ಹಿಡಿದು ನನಗೂ ತೋರಿಸಿದ್ರು. ಕಪ್ಲರ್ ಕೂರೋ ಪಿನ್ನಿನ ಸುತ್ತ ಬೆಸುಗೆ ಬಿರುಕು ಬಿಟ್ಟು, ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಸೋಲ್ಡರಿಂಗ್ ಐರನ್ ಇಟ್ಟು ಒಂದು ತೊಟ್ಟು ಬೆಸುಗೆ ಸೀಸ ಬಿಟ್ರು. ಅಷ್ಟೇ ರೋಗ.

ಇನ್ನು ಮ್ಯಾಪು. ಅದಕ್ಕೆ ಫೋನ್ ಸಾಕು, ಒಂದು ಹೋಲ್ಡರ್ ಹಾಕ್ಕೊಳ್ಳಿ. ಹಳೇ ಮ್ಯಾಪಿಗೋಸ್ಕರ ದುಡ್ಡು ಸುರೀಬೇಡಿ.

ಸೆಟ್ ನಿಜವಾಗ್ಲೂ ಸತ್ತಿದ್ರೆ ಬದಲಾಯಿಸಿ, ನಾನೇನು ಬೇಡ ಅನ್ನಲ್ಲ. ಆದ್ರೆ ನಿಮ್ಮ ಕಾರಿನ ಮಾಡೆಲ್ಲಿಗೇ ಹೊಂದೋ ಕಪ್ಲರ್ ಬೇಕು ಅಂತ ಪಟ್ಟು ಹಿಡೀರಿ. ಡಬಲ್ ಡಿನ್ ಅನ್ನೋ ಸೆಟ್ಟಿನ ಸ್ಟ್ಯಾಂಡರ್ಡ್ ಸೈಜು ಅಂದ್ರೆ 180 ಮಿಲಿಮೀಟರ್ ಅಗಲ, 100 ಎತ್ತರ. ನಿಮ್ಮ ಡ್ಯಾಶ್‌ಬೋರ್ಡ್ ಕಿಂಡಿ ಅದೇ ಅಳತೆದಾ ನೋಡ್ಕೊಳ್ಳಿ. ಸ್ಟೀರಿಂಗ್ ಮೇಲಿನ ಬಟನ್ ಕೆಲಸ ಮಾಡತ್ತಾ ಅಂತ ದುಡ್ಡು ಕೊಡೋ ಮುಂಚೆ ಕೇಳಿ. ಕೆಲವು ಕಂಪನಿ ಸೆಟ್ಟು ಬ್ಯಾಟರಿ ಬಿಚ್ಚಿದ್ರೆ ಕೋಡ್ ಕೇಳತ್ತೆ, ಅದನ್ನ ಮೊದಲೇ ಹುಡುಕಿ ಬರೆದಿಟ್ಕೊಳ್ಳಿ. ಬಿಚ್ಚಿದ ಸೆಟ್ಟನ್ನ ಅಂಗಡೀಲಿ ಮಾತ್ರ ಬಿಟ್ಟು ಬರಬೇಡಿ.

ನಾನು ಹಾಕಿಸಿದ್ದ ಆ ದೊಡ್ಡ ಸ್ಕ್ರೀನಲ್ಲಿ ಮೀಡಿಯಂ ವೇವ್ ರೇಡಿಯೋ ಹಿಡಿಯೋ ಎಎಂ ಬ್ಯಾಂಡೇ ಇರಲಿಲ್ಲ. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹಳೇ ಸೆಟ್ ವಾಪಸ್ ಕೂರಿಸಿದ ದಿನ ಮುಂದಿನ ಸೀಟಲ್ಲಿ ಕೂತು, ಗುಂಡಿ ತಿರುಗಿಸಿ ತಿರುಗಿಸಿ, 612ಕ್ಕೆ ತಂದು ಬೆಂಗಳೂರು ಆಕಾಶವಾಣಿ ಹಿಡಿದ್ರು.