ಡ್ರಾಕುಲಾ ಬಿಡಿ, ಕಣಜ ನೋಡಿ

ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಡ್ರಾಕುಲಾ. ಬುಕಾರೆಸ್ಟ್‌ನಿಂದ ಹೊರಡೋ ಒಂದು ದಿನದ ಟೂರ್‌ಗಳು ಮಾರೋದೂ ಅವನನ್ನೇ. ಡ್ರಾಕುಲಾನದು ಅಂತ ತೋರಿಸೋ ಬ್ರಾನ್ ಕೋಟೆ ಮುಂದೆ ಫೋಟೋ, ರಾತ್ರಿ ವಾಪಸ್. ಅರ್ಧ ದಿನ ವ್ಯಾನ್‌ನಲ್ಲೇ ಹೋಗಿರುತ್ತೆ. ಹಿಂದಿನ ರಾತ್ರಿಯೇ ಟ್ರಾನ್ಸಿಲ್ವೇನಿಯಾದ ಬ್ರಶೋವ್ ನಗರ ಸೇರ್ಕೊಳ್ಳಿ, ಬೆಳಿಗ್ಗೆ ಗೈಡ್ ಜೊತೆ ಸ್ಯಾಕ್ಸನ್ ಹಳ್ಳಿಗಳ ಕಡೆ ಹೊರಡಿ ಅನ್ನೋದು ನನ್ನ ವಾದ.

ಜರ್ಮನ್ ಮಾತಾಡೋ ಈ ಸ್ಯಾಕ್ಸನ್ನರನ್ನ 12ನೇ ಶತಮಾನದಲ್ಲಿ ಗಡಿ ಕಾಯೋಕೆ ಅಂತ ಕರೆಸಿದ್ದು ಹಂಗೇರಿಯ ದೊರೆ ಎರಡನೇ ಗೇಜಾ. ಹೆಸರು ಸ್ಯಾಕ್ಸನ್, ಆದ್ರೆ ಹೆಚ್ಚಿನವರು ರೈನ್, ಮೊಸೆಲ್ ನದಿಗಳ ಕಡೆಯವರು! 1224ರ ರಾಜಸನ್ನದು ಅವರ ಸ್ವಾತಂತ್ರ್ಯ ಕಾಪಾಡಿತು. ಮೇಲೆ ಪಾಳೇಗಾರ ಇಲ್ಲ, ಹಾಗಾಗಿ ಓಡಿಹೋಗಿ ಸೇರೋಕೆ ಅವನ ಕೋಟೆಯೂ ಇಲ್ಲ. ತುರ್ಕರ ದಾಳಿ ಶುರುವಾದಾಗ ಊರಿನ ಚರ್ಚ್ ಸುತ್ತಲೇ ಕೋಟೆ ಎಬ್ಬಿಸಿದರು.

ಮೊದಲು ಪ್ರೆಜ್ಮೆರ್ ಹಳ್ಳಿಯ ಕೋಟೆ ಚರ್ಚ್. ಬ್ರಶೋವ್‌ನಿಂದ ಅರ್ಧ ಗಂಟೆ ಹಾದಿ. ಗೋಡೆ ಸುಮಾರು 12 ಮೀಟರ್ ಎತ್ತರ, 3 ಮೀಟರ್‌ಗೂ ಹೆಚ್ಚು ದಪ್ಪ. ಒಳಮೈಗೆ ಜೇನುಗೂಡಿನ ಹಾಗೆ ಅಂಟಿಕೊಂಡ 270ರಷ್ಟು ಕೋಣೆ. ಮನೆಗೊಂದು ಕೋಣೆ, ಶಾಂತಿಕಾಲದಲ್ಲಿ ಕಾಳು ತುಂಬೋದು, ದಾಳಿ ಬಂದ್ರೆ ಅಲ್ಲೇ ಸಂಸಾರ. ಮರದ ಮೆಟ್ಟಿಲು ಕಡಿದಾಗಿವೆ, ಗೋಡೆಯೊಳಗಿನ ಓಣಿ ಕತ್ತಲು. ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರಬಹುದು, ಬೇರೆ ದಿನ ಇಟ್ಕೊಳ್ಳಿ.

ಆಮೇಲೆ ರುಪ್ಯಾ, ಬಸಾಲ್ಟ್ ಗುಡ್ಡದ ಮೇಲಿನ ಕೋಟೆ. ದೂರದಿಂದ ಚೆಂದ, ಹತ್ತಿರ ಹೋದ್ರೆ ದುರಸ್ತಿಯ ಹೊಸತನ ಕಣ್ಣಿಗೆ ಹೊಡೆಯುತ್ತೆ. ತಡವಾಗಿದ್ರೆ ಕೆಳಗಿಂದಲೇ ನೋಡಿ ಮುಂದೆ ಹೋಗಿ.

ಊಟದ ವಿಷಯ. ಸಸ್ಯಾಹಾರಿಗಳು ಹುರುಳಿಕಾಯಿ ಬೀಜದ ಸೂಪ್ ಅಂತ ನಂಬಿ ತರಿಸ್ಕೊಂಡ್ರೆ ತಳದಲ್ಲಿ ಹೊಗೆಗಿಟ್ಟ ಹಂದಿಮಾಂಸ ಸಿಗಬಹುದು. 'ದೆ ಪೊಸ್ಟ್' ಅಂತ ಕೇಳಿ. ಉಪವಾಸದ ಅಡುಗೆ ಅಂತ ಅರ್ಥ. ಮಾಂಸ, ಹಾಲು, ಮೊಟ್ಟೆ ಇರಲ್ಲ. ಬದನೆ, ಕೆಂಪು ದೊಣ್ಣೆಮೆಣಸಿನ ಗೊಜ್ಜಿನಂಥ ಜಕುಸ್ಕ ಬ್ರೆಡ್ ಜೊತೆ ಸೊಗಸು. ಕೈಯಲ್ಲಿ ಸ್ವಲ್ಪ ಲೇಯಿ (ರೊಮೇನಿಯಾದ ಹಣ) ನಗದು ಇರಲಿ.

ವಿಸ್ಕ್ರಿ ಕೊನೆಗೆ. ಯುನೆಸ್ಕೊ ಪಟ್ಟಿಯ ಏಳು ಹಳ್ಳಿಗಳಲ್ಲಿ ಇದೂ ಒಂದು. ಇಲ್ಲಿನ ಒಂದು ಬುರುಜಿನಲ್ಲಿ ಮನೆಮನೆಯ ಹಂದಿಕೊಬ್ಬನ್ನ ಒಟ್ಟಿಗೆ ನೇತುಹಾಕ್ತಿದ್ರು. ವಾರಕ್ಕೊಮ್ಮೆ ಕೊಯ್ದು, ಕೊಯ್ದ ಜಾಗಕ್ಕೆ ಮುದ್ರೆ ಒತ್ತೋದು, ಕದಿಯದಿರಲಿ ಅಂತ. 1989ರ ನಂತರ ಸ್ಯಾಕ್ಸನ್ನರು ಬಹುಪಾಲು ಜರ್ಮನಿಗೆ ಹೋದರು; ಇವತ್ತು ಆ ಮನೆಗಳಲ್ಲಿ ಹೆಚ್ಚಾಗಿ ರೊಮೇನಿಯನ್, ರೋಮಾ (ಜಿಪ್ಸಿ ಅಂತ ಕರೆಯೋ ಜನ) ಕುಟುಂಬಗಳು. ಗೈಡ್ ಇದನ್ನ ಹೇಳದಿದ್ರೆ ನೀವೇ ಕೇಳಿ.

ಸಿಗಿಶ್ವಾರಾ ಅನ್ನೋ ಹಳೇ ಕೋಟೆಪಟ್ಟಣಾನ ಇದೇ ದಿನ ತುರುಕಬೇಡಿ. ಬ್ರಶೋವ್‌ನಿಂದ ಸುಮಾರು 120 ಕಿಲೋಮೀಟರ್. ಬದಲಿಗೆ ನಾಲ್ಕು ಗಂಟೆಗೆ ವಿಸ್ಕ್ರಿ ತಲುಪಿ, ಬಾಗಿಲು ಹಾಕೋ ಮೊದಲು ಚರ್ಚ್ ಮುಗಿಸಿ, ಬೀದಿಬದಿಯ ಬೆಂಚಲ್ಲಿ ಕೂತಿರಿ. ಬೇಸಿಗೆಯಾದ್ರೆ ಗೋಧೂಳಿ ಹೊತ್ತಿಗೆ ಹಸುಗಳು ಮೇದು ಬಂದು, ತಂತಮ್ಮ ಮನೆ ಗೇಟ್ ಮುಂದೆ ನಿಲ್ತವೆ.